ರನ್‌ವೇ ಹಕ್ಕಿಗಳೂ ಮಾವನ ಜಿಲೇಬಿಯೂ

ಏನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದಾಗ ಅತ್ತೆ ಪಕ್ಕದಲ್ಲಿದ್ದರೆ ನಾನು ಬಾಯಿ ತೆರೆಯುವ ಅಗತ್ಯವೇ ಬೀಳುವುದಿಲ್ಲ. "ಕಾಗೆ ಓಡಿಸ್ತಾಳೆ" ಎಂದು ಅವರೇ ಹೇಳಿ ಮುಗಿಸುತ್ತಾರೆ. ಸ್ವಲ್ಪ ತಡೆದು, "ಅದಕ್ಕೋಸ್ಕರ ಎಂ.ಎಸ್ಸಿ. ಮಾಡಿದಾಳೆ" ಎಂದೂ ಸೇರಿಸುತ್ತಾರೆ. ಇಂಥ ಕೆಲಸ ಹಿಡಿದವಳನ್ನು ನಗೆಪಾಟಲಿನ ಪ್ರಸಂಗಗಳು ಹುಡುಕಿಕೊಂಡು ಬರುತ್ತವೆ. ಬೇಡವೆಂದರೂ ಬಿಡುವುದಿಲ್ಲ, ಥೇಟ್ ನಮ್ಮ ಕಾಗೆಗಳ ಹಾಗೆ.

ಅತ್ತೆ ಹೇಳುವುದು ಸುಳ್ಳೇನಲ್ಲ. ದಿಲ್ಲಿ ಕಡೆಯ ಒಂದು ವಿಮಾನ ನಿಲ್ದಾಣದಲ್ಲಿ ಹಕ್ಕಿಗಳು ರನ್‌ವೇಗೆ ಬಾರದಂತೆ ನೋಡಿಕೊಳ್ಳುವುದು ನನ್ನ ಉದ್ಯೋಗ. ಮೇಲೇಳುವ ವಿಮಾನದ ಇಂಜಿನ್ನಿಗೆ ಒಂದೇ ಒಂದು ಹದ್ದು ಸಿಕ್ಕಿಕೊಂಡರೂ ಒಳಗೆ ಕೂತವರ ಪ್ರಾಣಕ್ಕೆ ಸಂಚಕಾರ. ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ ಊರಿನ ಕಸವನ್ನು ಸುರಿದು ಸುರಿದು ಎದ್ದಿರುವ ಗುಡ್ಡ ಒಂದಿದೆ. ಹದ್ದು, ಕಾಗೆ, ಬೆಳ್ಳಕ್ಕಿಗಳಿಗೆ ಅದು ವರ್ಷವಿಡೀ ಪಂಕ್ತಿ ಏಳದ ಮದುವೆಮನೆ. ಅಲ್ಲಿಗೆ ಹೋಗಿಬರುವ ದಾರಿಯಲ್ಲಿ ನಮ್ಮ ರನ್‌ವೇ ಬಿದ್ದುಕೊಂಡಿದೆ. ನಾವಿರುವುದು ದಿಲ್ಲಿಯ ದ್ವಾರಕಾ ಬಡಾವಣೆಯ ಒಂದು ಹೌಸಿಂಗ್ ಸೊಸೈಟಿಯಲ್ಲಿ. ಮನೆಯಿಂದ ನಿಲ್ದಾಣಕ್ಕೆ ನಾನು ಟ್ರಾಫಿಕ್ಕಿನಲ್ಲಿ ಬೆವರು ಸುರಿಸಿಕೊಂಡು ಹೋಗುತ್ತೇನೆ. ಅದೇ ದೂರವನ್ನು ಕಾಗೆಗಳು ಒಂದು ಸಲ ರೆಕ್ಕೆ ಬಿಚ್ಚಿ ಮುಗಿಸುತ್ತವೆ.

ಈ ಸಲ ಇವನ್ನೆಲ್ಲ ನೆನೆಯಲು ಕಾರಣ ನನ್ನ ಮಾವ. ಅವರು ತೀರಿಕೊಂಡು ವರ್ಷ ತುಂಬಿತು. ಮೊದಲ ವರ್ಷದ ತಿಥಿಯನ್ನು ಇಲ್ಲೇ ಮಾಡುವುದೆಂದು ತೀರ್ಮಾನವಾದಾಗ ಅತ್ತೆ ಒಂದೇ ಒಂದು ಷರತ್ತು ಹಾಕಿದರು. ಎಡೆಯನ್ನು ಕಾಗೆ ಮುಟ್ಟಲೇಬೇಕು. ಮುಟ್ಟದಿದ್ದರೆ ಮಾವನಿಗೆ ನಮ್ಮ ಮೇಲೆ ಏನೋ ಮನಸ್ತಾಪ ಉಳಿದಿದೆ ಎಂದು ಅರ್ಥ. ಹೀಗೆ ಹೇಳಿ ನನ್ನ ಕಡೆ ತಿರುಗಿದರು.

"ಇರೋಬರೋ ಕಾಗೆನೆಲ್ಲ ನೀನು ಓಡಿಸಿದ್ದೀಯ. ಆವತ್ತಿಗೆ ಒಂದನ್ನ ಎಲ್ಲಿಂದ ತರ್ತೀಯೋ ನಾ ಕಾಣೆ."

ಊಟ ತೆಗೆ, ಹಕ್ಕಿ ಹೋಗುತ್ತೆ

ನಮ್ಮ ಕಸುಬಿನ ಮೊದಲ ಪಾಠ ಇದು. ಹೆದರಿಸಿದರೆ ಹಕ್ಕಿ ಹೋಗುವುದಿಲ್ಲ, ಹೋದ ಹಾಗೆ ಮಾಡುತ್ತದೆ. ಊಟ ತೆಗೆದರೆ ಮಾತ್ರ ನಿಜವಾಗಿ ಹೋಗುತ್ತದೆ.

ಮಾವನಿಗೆ ಸಕ್ಕರೆ ಕಾಯಿಲೆ ಇತ್ತು, ಜಿಲೇಬಿಯ ಮೇಲೆ ಪ್ರಾಣವೂ ಇತ್ತು. ನಾನು ಆಫೀಸಿನ ಪಾಠವನ್ನು ಮನೆಯಲ್ಲೂ ಜಾರಿಗೆ ತಂದೆ. ಸಿಹಿ ಡಬ್ಬಿಗಳು ಖಾಲಿಯಾದವು. ಮಾರ್ಕೆಟ್ಟಿನ ಸಿಹಿತಿಂಡಿ ಅಂಗಡಿಯ ಹಲವಾಯಿ ಭಯ್ಯಾನ ಹತ್ತಿರ ಹೋಗಿ, ಈ ಬಾಬೂಜಿ ಎಷ್ಟು ಕೇಳಿದರೂ ಜಿಲೇಬಿ ಕೊಡಬೇಡಿ ಎಂದು ಹೇಳಿ ಬಂದೆ. ಅವನು ಭಕ್ತಿಯಿಂದ ತಲೆಯಾಡಿಸಿದ.

ಒಂದು ಬೆಳಿಗ್ಗೆ ಗುರುತಿನ ಚೀಟಿ ಮರೆತೆನೆಂದು ಗೇಟಿನಿಂದ ಮನೆಗೆ ವಾಪಸ್ ಬಂದರೆ, ಬಾಲ್ಕನಿಯಲ್ಲಿ ಮಾವನ ತೊಡೆಯ ಮೇಲೆ ಬಿಸಿ ಜಿಲೇಬಿಯ ಪೊಟ್ಟಣ. ಪಕ್ಕದಲ್ಲಿ ಅತ್ತೆ ರಸ್ತೆ ನೋಡುತ್ತ ಕಾವಲು. ಮಾವ ಗಾಬರಿಯಾಗಲಿಲ್ಲ. ಬೆರಳು ನೆಕ್ಕಿಕೊಂಡು ಕೇಳಿದರು.

"ನೀನು ಗೇಟು ದಾಟಿದ್ದನ್ನ ನೋಡೇ ಬಿಚ್ಚಿದ್ದು ಕಣಮ್ಮ. ನಿನ್ನ ಹದ್ದುಗಳೂ ಹೀಗೇ ಮಾಡ್ತಾವಾ?"

"ಹೌದು ಮಾವ. ಜೀಪು ತಿರುಗೋವರೆಗೂ ಕಾಯ್ತಾವೆ."

"ಅಚ್ಛಾ. ಹಾಗಾದ್ರೆ ನಾನೊಬ್ಬನೇ ದಡ್ಡ ಅಲ್ಲ" ಎಂದು ಇನ್ನೊಂದು ಸುತ್ತು ಬಾಯಿಗೆ ಹಾಕಿಕೊಂಡರು.

ಅಂದಿನಿಂದ ನಾನು ಸಂಜೆ ಮನೆಗೆ ಬಂದ ಕೂಡಲೇ ಅವರದು ಒಂದೇ ಪ್ರಶ್ನೆ. "ಇವತ್ತು ಯಾರು ಗೆದ್ರು? ನೀನೋ, ಹದ್ದೋ?" ಹದ್ದು ಎಂದರೆ ಅವರಿಗೆ ಎಲ್ಲಿಲ್ಲದ ಖುಷಿ.

ಸ್ಪೀಕರಿನಲ್ಲಿ ಬಂದ ಹಕ್ಕಿ

ನಮ್ಮ ಜೀಪಿನ ಮೇಲೆ ಒಂದು ದೊಡ್ಡ ಸ್ಪೀಕರ್ ಇದೆ. ಗಿಡುಗದ ಕೈಗೆ ಸಿಕ್ಕ ಹಕ್ಕಿ ಕಿರುಚಿಕೊಳ್ಳುವ ಸದ್ದನ್ನು ಅದರಲ್ಲಿ ಹಾಕುತ್ತೇವೆ. ಅದನ್ನು ಕೇಳಿ ಉಳಿದ ಹಕ್ಕಿಗಳು ಜಾಗ ಖಾಲಿ ಮಾಡಬೇಕು. ಮಾಡುತ್ತಿದ್ದವು ಕೂಡ, ಮೊದಮೊದಲು. ಆಮೇಲೆ ಇವರದು ದಿನಾ ಇದ್ದದ್ದೇ ಎಂದು ಅವಕ್ಕೂ ಗೊತ್ತಾಯಿತು.

ಒಂದು ಮಳೆಗಾಲದ ಬೆಳಿಗ್ಗೆ ರನ್‌ವೇ ಪಕ್ಕದ ಹುಲ್ಲಿನಲ್ಲಿ ಬೆಳ್ಳಕ್ಕಿಗಳು ಬಟ್ಟೆ ಒಣಹಾಕಿದ ಹಾಗೆ ಹರಡಿಕೊಂಡಿದ್ದವು. ಯಂತ್ರ ಕೆಟ್ಟಿದ್ದರಿಂದ ನನ್ನ ಫೋನನ್ನೇ ಸ್ಪೀಕರಿಗೆ ಜೋಡಿಸಿದ್ದೆ. ಕಿರುಚಾಟ ಹಾಕಿದೆ. ಒಂದು ಬೆಳ್ಳಕ್ಕಿಯೂ ಕತ್ತೆತ್ತಲಿಲ್ಲ. ಇನ್ನೂ ಜೋರು ಮಾಡಿದೆ. ಒಂದು ಆಕಳಿಸಿದ ಹಾಗೆ ಕಂಡಿತು.

ಅಷ್ಟರಲ್ಲಿ ಅತ್ತೆಯ ಫೋನು ಬಂತು, ತನ್ನಷ್ಟಕ್ಕೆ ತಾನೇ ಸ್ಪೀಕರಿನಲ್ಲಿ ತೆರೆದುಕೊಂಡಿತು. ಮಾತು ತಂತಿಯಲ್ಲಿ ಹೋಗುವುದಾದ್ದರಿಂದ ದೂರವಿದ್ದಷ್ಟೂ ಜೋರಾಗಿ ಹೇಳಬೇಕೆಂಬುದು ಅತ್ತೆಯ ನಂಬಿಕೆ.

"ಲೇ, ಕುಕ್ಕರಿನ ರಬ್ಬರು ಎಲ್ಲಿಟ್ಟಿದ್ದೀಯೇ?"

ಇಡೀ ಬಯಲು ಬೆಚ್ಚಿಬಿತ್ತು. ಬೆಳ್ಳಕ್ಕಿಗಳು ಒಟ್ಟಿಗೇ ಎದ್ದು ಆಕಾಶಕ್ಕೆ ಹೋದವು. ಪೊದೆಯಲ್ಲಿ ಅಡಗಿ ಕೂತಿದ್ದ ಟಿಟ್ಟಿಭಗಳೂ ಹೋದವು. ದೂರದಲ್ಲಿ ಕೂತು ರಸ್ತೆಗೆ ಬಣ್ಣ ಬಳಿಯುತ್ತಿದ್ದವನೊಬ್ಬ ಕುಂಚ ಹಿಡಿದು ಎದ್ದು ನಿಂತ.

ನಮ್ಮ ಜೀಪಿನ ಡ್ರೈವರ್ ಹರಿಯಾಣದವನು. ಇಷ್ಟು ವರ್ಷದಲ್ಲಿ ಇಂಥ ಫಲಿತಾಂಶ ಅವನು ಕಂಡಿರಲಿಲ್ಲ. ಗೌರವದಿಂದ ಕೇಳಿದ, "ಮೇಡಂಜೀ, ಯೇ ಕೌನ್ ಸಾ ಪಂಛೀ ಥಾ?" ಇದು ಯಾವ ಹಕ್ಕಿ ಎಂದು.

"ಮೇರೀ ಸಾಸ್" ಎಂದೆ, ನನ್ನ ಅತ್ತೆ ಎಂದು.

ಸಂಜೆ ಮಾವನಿಗೆ ಇದನ್ನು ಹೇಳಿದಾಗ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ಮುಗಿಸಿ, ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು. "ಮದುವೆಯಾದಾಗಿನಿಂದ ನಾನೊಬ್ಬನೇ ಹಾರಿಹೋಗದೆ ಕೂತಿದ್ದೀನಿ ನೋಡು."

ಹಕ್ಕಿಯಿಲ್ಲದ ಗುಡ್ಡ

ಕಸದ ಗುಡ್ಡದ ಉಸ್ತುವಾರಿಯವನಿಗೆ ನಾವು ವರ್ಷಗಟ್ಟಲೆ ಒಂದೇ ಮಾತು ಹೇಳುತ್ತಿದ್ದೆವು. ಅಣ್ಣಾ, ದಿನಾ ಬಂದು ಬೀಳುವ ಹೊಸ ಕಸದ ಮೇಲೆ ಅವತ್ತೇ ಮಣ್ಣು ಮುಚ್ಚು. ಊಟ ಕಾಣದಿದ್ದರೆ ಹದ್ದು ಬರುವುದಿಲ್ಲ. ಅವನು ಪ್ರತಿ ಸಲವೂ, "ಹೋ ಜಾಯೇಗಾ ಮೇಡಂ" ಎನ್ನುತ್ತಿದ್ದ. ಆಗುತ್ತಿರಲಿಲ್ಲ.

ಕೊನೆಗೆ ತಪಾಸಣೆಗೆಂದು ಮೇಲಿನವರ ಒಂದು ತಂಡ ಹೊರಗಿನ ಊರಿಂದ ವಿಮಾನದಲ್ಲಿ ಬಂತು. ಜೊತೆಗೆ ನಾನೂ ಹೋದೆ. ದಾರಿಯುದ್ದಕ್ಕೂ ಅವರಿಗೆ ಹದ್ದುಗಳ ಹಾವಳಿಯನ್ನು ವರ್ಣಿಸಿದೆ. ಗುಡ್ಡ ಮುಟ್ಟಿ ನೋಡಿದರೆ ಆಕಾಶ ತೊಳೆದಿಟ್ಟ ಹಾಗಿದೆ. ಹದ್ದು ಹೋಗಲಿ, ಒಂದು ಗುಬ್ಬಚ್ಚಿಯೂ ಇಲ್ಲ. ಉಸ್ತುವಾರಿಯವನು ಇಸ್ತ್ರಿ ಅಂಗಿ ಹಾಕಿಕೊಂಡು, ಶಾಮಿಯಾನದ ಕೆಳಗೆ ಸಮೋಸ ಹಿಡಿದು ನಿಂತಿದ್ದ.

ತಂಡದ ಹಿರಿಯ ಅಧಿಕಾರಿ ನನ್ನ ಕಡೆ ನೋಡಿ, "ನೀವು ಸುಮ್ಮನೆ ಗಾಬರಿ ಹುಟ್ಟಿಸ್ತೀರಿ" ಎಂದರು. ಆಗ ಗುಡ್ಡದ ಆಚೆ ಬದಿಯಿಂದ ಡೋಲಿನ ಸದ್ದು ಕೇಳಿಸಿದ ಹಾಗಾಯಿತು. ಇಣುಕಿ ನೋಡಿದೆ. ಕೆಂಪು ಕೋಟು ತೊಟ್ಟ ಮದುವೆ ಬ್ಯಾಂಡಿನವರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಬೆಳಗಿನಿಂದ ಬಾರಿಸುತ್ತಿದ್ದರು.

ಅಷ್ಟು ಹೊತ್ತಿಗೆ ನಿಲ್ದಾಣದಿಂದ ನಮ್ಮ ಡ್ರೈವರನ ಫೋನು ಬಂತು. ಎಲ್ಲಿಂದಲೋ ಹದ್ದುಗಳು ದಂಡು ಕಟ್ಟಿಕೊಂಡು ಬಂದು ರನ್‌ವೇ ಮೇಲೆ ಗಿರಕಿ ಹೊಡೆಯುತ್ತಿವೆ, ವಿಮಾನಗಳನ್ನು ನಿಲ್ಲಿಸಿದ್ದಾರೆ, ಬೇಗ ಬನ್ನಿ ಎಂದ. ನಿಂತ ವಿಮಾನಗಳಲ್ಲಿ ಹಿರಿಯ ಅಧಿಕಾರಿ ವಾಪಸ್ ಹೋಗಬೇಕಾಗಿದ್ದ ವಿಮಾನವೂ ಒಂದು. ಮಧ್ಯಾಹ್ನವೆಲ್ಲ ಅವರು ನಿಲ್ದಾಣದ ಗಾಜಿನ ಹಿಂದೆ ಕೂತು, ತಾವು ಇಲ್ಲವೆಂದ ಹದ್ದುಗಳನ್ನೇ ನೋಡುತ್ತಿದ್ದರು. ಮರುದಿನದಿಂದ ಗುಡ್ಡಕ್ಕೆ ಮಣ್ಣಿನ ಲಾರಿ ಬರತೊಡಗಿತು.

ಉಸ್ತುವಾರಿಯವನು ಕೆಟ್ಟವನಲ್ಲ. ಅವತ್ತು ಸಂಜೆ ನನಗೆ ಫೋನು ಮಾಡಿ ಬಹಳ ಪೇಚಾಡಿಕೊಂಡ. "ಮೇಡಂ, ಬ್ಯಾಂಡಿನವರು ಇನ್ನೂ ಇಲ್ಲೇ ಇದಾರೆ. ನಿಮ್ಮ ಕಡೆ ಕಳಿಸಲಾ?"

ಮೇಲೆ ನನ್ನ ಮಗಳಿದ್ದಾಳೆ

ದಿಲ್ಲಿಯಲ್ಲಿ ಹದ್ದಿಗೆ ಮಾಂಸ ಎಸೆದರೆ ಪುಣ್ಯ, ಗ್ರಹದೋಷ ಕಳೆಯುತ್ತದೆ ಎಂದು ನಂಬುವವರು ಬಹಳ. ವಿಮಾನಗಳು ಏರಿಳಿಯುವ ದಾರಿಯ ಕೆಳಗೇ ಇರುವ ಒಂದು ಮೇಲ್ಸೇತುವೆಯ ಮೇಲೆ ಒಬ್ಬ ಯಜಮಾನರು ಶನಿವಾರ ಶನಿವಾರ ಚೀಲ ಹಿಡಿದು ಬರುತ್ತಿದ್ದರು. ಅವರು ಒಂದೊಂದೇ ತುಂಡು ಮೇಲೆಸೆಯುವುದು, ಹದ್ದುಗಳು ಗಾಳಿಯಲ್ಲೇ ಹಿಡಿಯುವುದು. ನೋಡಲು ಸೊಗಸೇ, ಆದರೆ ಮೇಲೆ ವಿಮಾನ.

ನಾನು ಹೋಗಿ ಮಾತಾಡಿಸಿದೆ. ಮಗಳಿಗೆ ಕೆನಡಾ ವೀಸಾ ಸಿಗಲೆಂದು ಜ್ಯೋತಿಷಿ ಹೇಳಿದ್ದಂತೆ. ವೀಸಾ ಬಂತಂತೆ.

"ಮತ್ತೆ ಇನ್ನೂ ಯಾಕೆ ಹಾಕ್ತೀರಿ?"

"ಮುಂದಿನ ಶನಿವಾರ ಹೊರಡ್ತಾಳೆ. ಪ್ರಯಾಣ ಸುಖವಾಗಿರಲಿ ಅಂತ."

ನಾನು ಬೆರಳೆತ್ತಿ ಮೇಲೆ ತೋರಿಸಿದೆ. ಒಂದು ವಿಮಾನ ಇಳಿಯುತ್ತಿತ್ತು. ಅದರ ಹೊಟ್ಟೆಯ ಕೆಳಗೆ ಅವರದೇ ಹದ್ದುಗಳು. ಯಜಮಾನರು ವಿಮಾನ ನೋಡಿದರು, ಹದ್ದು ನೋಡಿದರು, ಚೀಲ ನೋಡಿದರು.

ಮುಂದಿನ ಶನಿವಾರ ಆ ಕಡೆ ಜೀಪಿನಲ್ಲಿ ಹೋದಾಗ ಅವರು ಸೇತುವೆಯ ಮೇಲೇ ಇದ್ದರು. ಕೈಯಲ್ಲಿ ಚೀಲದ ಬದಲು ಉದ್ದನೆಯ ಬಿದಿರಿನ ಗಳ, ತುದಿಗೆ ಕೆಂಪು ದುಪಟ್ಟಾ. ಬೀಸಿ ಬೀಸಿ ಬೆವರಿನಲ್ಲಿ ಮಿಂದಿದ್ದರು. ಮಾಂಸದ ಪೊಟ್ಟಣ ಹಿಡಿದು ಬಂದ ಇನ್ನೊಬ್ಬರನ್ನು ತಡೆದು, "ಮೇಲೆ ನನ್ನ ಮಗಳಿದ್ದಾಳೆ ಕಣಯ್ಯಾ" ಎಂದು ಹಿಂದಿಯಲ್ಲಿ ಗದರುತ್ತಿದ್ದರು. ಅವಳ ವಿಮಾನ ಕಣ್ಮರೆಯಾದ ಮೇಲೆ ಗಳ ಕೆಳಗಿಟ್ಟು ನನ್ನ ಹತ್ತಿರ ಬಂದರು.

"ಹೋದಳು ಮೇಡಂ. ಇನ್ನು ಹಾಕಬಹುದಾ?"

"ರಜೆಗೆ ವಾಪಸ್ ಬರೋದಿಲ್ವಾ?"

ಅವರು ಒಂದು ಗಳಿಗೆ ಯೋಚಿಸಿ ಗಳವನ್ನು ಮತ್ತೆ ಎತ್ತಿಕೊಂಡರು. ಈಗಲೂ ಶನಿವಾರಗಳಂದು ಆ ಸೇತುವೆ ಅವರ ಸುಪರ್ದಿನಲ್ಲಿದೆ. ನಮ್ಮ ಇಲಾಖೆಯಲ್ಲಿ ಅಷ್ಟು ನಿಷ್ಠೆಯವರು ಯಾರೂ ಇಲ್ಲ.

ಗೂಬೆಗೆ ಪೂಜೆ

ಮಾವ ಹೋದ ಮೇಲೆ ಬಂದ ದೀಪಾವಳಿಯ ಮಾತು. ನಮ್ಮ ಸೊಸೈಟಿಯ ಕಾರ್ಯದರ್ಶಿ ಕೊಡಗಿನ ನಿವೃತ್ತ ಕರ್ನಲ್ ಒಬ್ಬರು. ಅವರಿಗೆ ಟೆರೇಸಿನ ಪಾರಿವಾಳಗಳ ಮೇಲೆ ಕೋಪ. "ಅಷ್ಟು ದೊಡ್ಡ ಏರ್‌ಪೋರ್ಟ್ ನೋಡ್ಕೊಳ್ತೀಯಮ್ಮ, ನಮ್ಮ ಟೆರೇಸ್ ನಿನಗ್ಯಾವ ಲೆಕ್ಕ" ಎಂದರು. ಹೊಗಳಿಕೆಗೆ ಉಬ್ಬಿ ನಾನು ಒಂದು ಪ್ಲಾಸ್ಟಿಕ್ ಗೂಬೆ ತಂದು ನೀರಿನ ಟ್ಯಾಂಕಿನ ಮೇಲೆ ಕೂರಿಸಿದೆ. ಟೆರೇಸಿನಲ್ಲಿ ಯಾರೂ ಯಾವ ಹಕ್ಕಿಗೂ ಒಂದು ಕಾಳನ್ನೂ ಹಾಕಕೂಡದೆಂದು ನನ್ನ ಹೆಸರಿನಲ್ಲಿ ಒಂದು ಬೋರ್ಡೂ ಬಿತ್ತು.

ವಾರವೊಂದು ಪಾರಿವಾಳ ಸುಳಿಯಲಿಲ್ಲ. ದೀಪಾವಳಿ ಬಂತು. ಗೂಬೆ ಲಕ್ಷ್ಮಿಯ ವಾಹನ ಎಂದು ಒಬ್ಬ ಆಂಟಿಗೆ ನೆನಪಾಯಿತು. ತಿಲಕ ಇಟ್ಟರು. ಇನ್ನೊಬ್ಬರು ಹಾರ ಹಾಕಿದರು. ಮೂರನೆಯವರು ಅದರ ಮುಂದೆ ಅರಳು, ಬತ್ತಾಸು ಸುರಿದರು. ಬೆಳಿಗ್ಗೆ ಎದ್ದು ನೋಡಿದರೆ ದ್ವಾರಕಾದ ಪಾರಿವಾಳಗಳೆಲ್ಲ ಪ್ರಸಾದಕ್ಕೆ ಸಾಲು ನಿಂತಿವೆ, ಒಂದು ಗೂಬೆಯ ತಲೆಯ ಮೇಲೇ ಕೂತಿದೆ.

ಕರ್ನಲ್ ನಿಟ್ಟುಸಿರು ಬಿಟ್ಟು, "ವೈರಿಗೆ ನಾವೇ ಮೆಸ್ ತೆಗೆದ ಹಾಗಾಯ್ತು" ಎಂದರು. ಅತ್ತೆ ಮಾತ್ರ ಗೂಬೆಗೆ ಒಂದು ಸೇವಂತಿಗೆ ಇಟ್ಟು ಕೈಮುಗಿದರು. "ನಿನ್ನ ಕೆಲಸದಲ್ಲಿ ಇದೊಂದೇ ಕಣೇ ನನಗೆ ಅರ್ಥ ಆಗಿದ್ದು."

ಮಾವನ ಎಡೆ

ಮಾಘದಲ್ಲಿ ತಿಥಿ ಬಂತು. ಪುರೋಹಿತರು ಸ್ಕೂಟರಿನಲ್ಲಿ ಬಂದು ಹೆಲ್ಮೆಟ್ಟನ್ನು ಬಾಗಿಲ ಬಳಿ ಇಟ್ಟರು. ಅವರಿಗೆ ಆಮೇಲೆ ದೂರದ ರೋಹಿಣಿ ಬಡಾವಣೆಯಲ್ಲಿ ಇನ್ನೊಂದು ಮನೆಯ ಕಾರ್ಯ ಇತ್ತು, ಹಾಗಾಗಿ ಮಂತ್ರವೂ ಸ್ಕೂಟರಿನ ವೇಗದಲ್ಲೇ ಸಾಗಿತು.

ನಾನು ಬೆಳಿಗ್ಗೆ ಯಾರಿಗೂ ಹೇಳದೆ ಒಂದು ಕೆಲಸ ಮಾಡಿದ್ದೆ. ಮಾರ್ಕೆಟ್ಟಿಗೆ ಹೋಗಿ ಅದೇ ಹಲವಾಯಿ ಭಯ್ಯಾನ ಹತ್ತಿರ ಒಂದು ಜಿಲೇಬಿ ಕೇಳಿದೆ. ಅವನು ನನ್ನನ್ನು ಗುರುತು ಹಿಡಿದು, "ಬಾಬೂಜಿಗಾ?" ಎಂದ. ಹೌದು ಎಂದೆ. ಅವನು ಬಾಣಲೆಯಿಂದ ಆಗತಾನೇ ತೆಗೆದದ್ದನ್ನು ಆರಿಸಿ ಕೊಟ್ಟ. ಅಂಗಡಿಯ ತಿಂಡಿ ತಿಥಿಗೆ ಸಲ್ಲದು, ನನಗೂ ಗೊತ್ತು. ಪುರೋಹಿತರು ಆಚೆ ತಿರುಗಿದಾಗ ಎಡೆಯಲ್ಲಿ ವಡೆಯ ಮರೆಗೆ ಅದನ್ನು ಸೇರಿಸಿಬಿಟ್ಟೆ. ಅತ್ತೆ ನೋಡಿದರು, ನೋಡದವರ ಹಾಗೆ ಸುಮ್ಮನಾದರು.

ಎಡೆಯನ್ನು ಟೆರೇಸಿಗೆ ಒಯ್ದು ಗೋಡೆಯ ಮೇಲಿಟ್ಟೆವು. ಪಕ್ಕದ ಟವರಿನ ಮೇಲೆ ಕಾಗೆಗಳು ಬೇಕಾದಷ್ಟಿದ್ದವು. ಒಂದೂ ಬರಲಿಲ್ಲ. ಅತ್ತೆ "ಕಾ, ಕಾ" ಎಂದು ಕರೆದರು. ಸುತ್ತಲಿನ ಬಾಲ್ಕನಿಗಳಿಂದ ಜನ ಹೊರಗೆ ಬಂದರು. ಬೆಳ್ಳಕ್ಕಿಗಳ ಪ್ರಸಂಗ ನೆನಪಾಗಿ ನಮ್ಮವರು, "ಅಮ್ಮಾ, ಸ್ವಲ್ಪ ಮೆತ್ತಗೆ" ಎಂದರು. ನಾನೂ ಮೆತ್ತಗೆ ಕಾ ಕಾ ಎಂದೆ. ಆಗ ಮೆಟ್ಟಿಲು ಹತ್ತಿ ಬಂದ ಕರ್ನಲ್ ನನ್ನನ್ನೂ ಬೋರ್ಡನ್ನೂ ನೋಡಿ, "ಇದನ್ನ ಹಾಕಿಸಿದ್ದು ನೀನೇ ಅಲ್ವಾಮ್ಮ?" ಎಂದರು. ಅತ್ತೆ ಒಂದು ನೋಟ ಬೀರಿದ್ದಕ್ಕೆ ಅವರೂ ಟೋಪಿ ತೆಗೆದು ಒಂದು ಸಲ ಕಾ ಎಂದರು.

ಪುರೋಹಿತರು ಗಡಿಯಾರ ನೋಡಿಕೊಂಡರು. "ಕಾಗೆ ಬಾರದಿದ್ದರೆ ಹಸುವಿಗೆ ಕೊಡಬಹುದಮ್ಮ, ಶಾಸ್ತ್ರದಲ್ಲಿ ಅವಕಾಶ ಇದೆ."

"ಹಸುವಾಗಿ ಬರೋವಷ್ಟು ಸಾಧು ಅಲ್ಲ ನಮ್ಮೆಜಮಾನ್ರು" ಎಂದರು ಅತ್ತೆ.

ಹಾಗಾದರೆ ಅವರ ಮನಸ್ಸಿನಲ್ಲಿ ಏನೋ ಉಳಿದಿದೆ, ಒಬ್ಬೊಬ್ಬರೇ ಮಾತು ಕೊಡಿ ಎಂದಾಯಿತು. ನಮ್ಮವರು ಕೈಮುಗಿದು, "ಅಪ್ಪಾ, ನಿಮ್ಮ ರೇಡಿಯೋ ರಿಪೇರಿ ಮಾಡಿಸ್ತೀನಿ" ಎಂದರು. ಕಾಗೆ ಕದಲಲಿಲ್ಲ. ಅತ್ತೆ, "ನಿಮ್ಮ ತಂಗಿ ಹತ್ರ ಮಾತು ಬಿಟ್ಟಿದ್ದೆ, ಇವತ್ತೇ ಫೋನ್ ಮಾಡ್ತೀನಿ, ಸಾಕಾ?" ಎಂದರು. ಕದಲಲಿಲ್ಲ. ನನ್ನ ಮಗಳು ಹುಟ್ಟಿ ಬೆಳೆದದ್ದು ಇಲ್ಲಿಯೇ. "ತಾತಾ, ಪ್ಲೀಸ್, ಖಾ ಲೋ ನಾ, ನಂಗೂ ಹಸಿವಾಗ್ತಿದೆ" ಎಂದಳು. ಒಂದು ಕಾಗೆ ಕತ್ತು ವಾಲಿಸಿ ಅವಳನ್ನು ನೋಡಿತು. ಹಾರಿ ನಮ್ಮ ಟ್ಯಾಂಕಿನ ಮೇಲೆ ಕೂತಿತು.

ಉಳಿದವಳು ನಾನು. ಒಂದು ಹೆಜ್ಜೆ ಮುಂದೆ ಬಂದು, "ಮಾವ, ಇನ್ನು ನಾನು ಏನೂ ಕೇಳಲ್ಲ, ಹೊಟ್ಟೆ ತುಂಬ ತಿನ್ನಿ" ಎಂದೆ.

ಟ್ಯಾಂಕಿನ ಮೇಲಿನ ಕಾಗೆ ನನ್ನ ಮುಖ ನೋಡಿತು. ನೋಡಿದ್ದೇ ತಡ, ಕರ್ಕಶವಾಗಿ ಕಿರುಚಿಕೊಂಡು ಹಾರಿತು. ಪಕ್ಕದ ಟವರಿನವೂ ಕಿರುಚುತ್ತ ಎದ್ದವು. ಎದ್ದು ಇನ್ನೂ ಆಚೆಯ ಟವರಿಗೆ ಹೋಗಿ ಕೂತವು.

ಟೆರೇಸಿನಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಓದಿದವಳು. ಕಾಗೆ ತನ್ನನ್ನು ಓಡಿಸಿದವರ ಮುಖವನ್ನು ಮರೆಯುವುದಿಲ್ಲ, ತನ್ನವರಿಗೂ ಹೇಳಿಕೊಡುತ್ತದೆ. ಈ ಕಾಗೆಗಳು ನಿಲ್ದಾಣಕ್ಕೂ ದ್ವಾರಕಾದ ಮರಗಳಿಗೂ ನಡುವೆ ಹಗಲೆಲ್ಲ ಹಾರಾಡಿಕೊಂಡಿರುವಂಥವು. ದಿನಾ ಜೀಪಿನಲ್ಲಿ ನಿಂತು ಅವನ್ನು ಅಟ್ಟಿದ ಮುಖ ನನ್ನದು. ಇದೆಲ್ಲ ನನಗೆ ಚೆನ್ನಾಗಿ ಗೊತ್ತು. ಆದರೂ ಆ ಕ್ಷಣ ಮಾವನಿಗೆ ನನ್ನ ಮೇಲೆಯೇ ಕೋಪವಾ ಎಂದು ಅಳು ಬಂತು.

ಅಳು ನುಂಗಿಕೊಂಡು ವಿಜ್ಞಾನ ವಿವರಿಸಿದೆ. ನಂಬಿದ್ದು ಕರ್ನಲ್ ಒಬ್ಬರೇ. "ಹಾಗಾದ್ರೆ ಕ್ಯಾಮೊಫ್ಲಾಜ್ ಬೇಕು" ಎಂದು ಕೆಳಗೆ ಹೋಗಿ ಪುರೋಹಿತರ ಹೆಲ್ಮೆಟ್ ತಂದು ನನ್ನ ತಲೆಗೆ ಹಾಕಿದರು. ರೇಷ್ಮೆ ಸೀರೆ, ಮೇಲೆ ಹೆಲ್ಮೆಟ್. ಕಾಗೆಗಳು ಹಿಂದೆಂದೂ ಕಂಡಿರದ ಈ ಅವತಾರ ನೋಡಿ ಮೊದಲಿಗಿಂತ ಜೋರಾಗಿ ಬೊಬ್ಬೆ ಹಾಕಿದವು. ಪುರೋಹಿತರು, "ನನ್ನ ಹೆಲ್ಮೆಟ್ ಕೊಟ್ಟುಬಿಡಿ ತಾಯಿ, ರೋಹಿಣಿಗೆ ಹೊತ್ತಾಯ್ತು" ಎಂದರು.

ಕೊಟ್ಟು, ಟೆರೇಸಿನ ಬಾಗಿಲು ದಾಟಿ, ಒಳಗಿನಿಂದ ಚಿಲಕ ಹಾಕಿಕೊಂಡು ಮೆಟ್ಟಿಲಿನ ಮೇಲೆ ಕೂತೆ. ಹೊರಗೆ ಸದ್ದಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಇವತ್ತು ಯಾರು ಗೆದ್ದರು ಎಂದು ಕೇಳಲು ಮಾವ ಇಲ್ಲವಲ್ಲ ಎನಿಸಿತು.

ಆಗ ಹೊರಗೆ ರೆಕ್ಕೆಗಳ ಸದ್ದು, ಮಗಳ ಚಪ್ಪಾಳೆ. ಚಿಲಕಕ್ಕೆ ಕೈ ಹಾಕುವಷ್ಟರಲ್ಲಿ ಅತ್ತೆಯ ಕಂಠ ಬಾಗಿಲನ್ನು ಭೇದಿಸಿಕೊಂಡು ಬಂತು. ಆ ಕಂಠಕ್ಕೂ ಕಾಗೆ ಹಾರಲಿಲ್ಲವಂತೆ.

"ಬಂದ್ರು ಕಣೇ. ಅನ್ನ ಮುಟ್ಟಲಿಲ್ಲ, ವಡೆ ಮುಟ್ಟಲಿಲ್ಲ, ವಡೆ ಸರಿಸಿ ನೆಟ್ಟಗೆ ಜಿಲೇಬಿಗೇ ಬಾಯಿ ಹಾಕಿದ್ರು. ಅವರೇ, ಸಂಶಯವೇ ಇಲ್ಲ. ನೀನು ಆಚೆ ಹೋಗೋವರೆಗೂ ಕಾದು ತಿಂತಿದಾರೆ."

ನಾನು ಮೆಟ್ಟಿಲ ಮೇಲೆ ಕೂತು ಅಳುತ್ತಲೇ ನಗತೊಡಗಿದೆ. ಅತ್ತೆಯ ದನಿ ಇನ್ನೂ ಮೇಲೇರಿತು.

"ಬಾಗಿಲು ತೆಗೀಬೇಡ, ಅಲ್ಲೇ ಇರು. ಇನ್ನೊಂದಿದ್ಯಾ ಅಂತ ಎಲೆಯೆಲ್ಲ ಕೆದಕಿ ನೋಡ್ತಿದಾರೆ."